ಚೆಂಡಿಲ್ಲದವನ ಓಟ

ಫುಟ್‌ಬಾಲ್ ಪಂದ್ಯದ ಅವಧಿ 90 ನಿಮಿಷವೆಂದು ನಿಯಮಗ್ರಂಥ ಹೇಳುತ್ತದೆಯಾದರೂ, ಚೆಂಡು ಗೆರೆ ದಾಟಿ ಹೊರಹೋದ ಕಾಲ, ಫೌಲಿಗೆಂದು ಆಟ ನಿಂತ ಕಾಲ, ಗೋಲಾದ ಬಳಿಕ ಆಟಗಾರರು ಸ್ವಸ್ಥಾನಗಳಿಗೆ ಮರಳುವ ಕಾಲ ಇವನ್ನೆಲ್ಲ ಕಳೆದರೆ, ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು ಒಂದು ಗಂಟೆ ಮಾತ್ರ; ಆ ಒಂದು ಗಂಟೆಯನ್ನು 22 ಮಂದಿಗೆ ಹಂಚಿದರೆ ಒಬ್ಬೊಬ್ಬನ ಪಾಲಿಗೆ ಬರುವುದು ಮೂರು ನಿಮಿಷಕ್ಕೂ ಕಡಿಮೆ. ಉಳಿದ ಕಾಲವೆಲ್ಲ ಅವನು ಚೆಂಡಿಲ್ಲದೆಯೇ ಮೈದಾನದಲ್ಲಿರತಕ್ಕವನು. ಹೀಗಿದ್ದೂ ನಮ್ಮ ಶಾಲೆಗಳಲ್ಲಿ, ಅದರಲ್ಲಿಯೂ ಜಿಲ್ಲಾಕೇಂದ್ರದಿಂದ ದೂರವಿರುವ ತಾಲ್ಲೂಕುಗಳ ಶಾಲೆಗಳಲ್ಲಿ, ಫುಟ್‌ಬಾಲ್ ಶಿಕ್ಷಣವೆಂಬುದು ಬಹುಮಟ್ಟಿಗೆ ಆ ಮೂರು ನಿಮಿಷಗಳ ಶಿಕ್ಷಣವಾಗಿಯೇ ಉಳಿದಿದೆ. ಒದೆಯುವುದನ್ನು, ತಡೆಯುವುದನ್ನು, ಎದುರಾಳಿಯನ್ನು ವಂಚಿಸಿ ಮುನ್ನುಗ್ಗುವುದನ್ನು ಹೇಳಿಕೊಡುವವರಿದ್ದಾರೆ. ಚೆಂಡು ತನ್ನ ಕಾಲಿನಲ್ಲಿಲ್ಲದಾಗ ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು, ಯಾರಿಗಾಗಿ ಓಡಬೇಕು ಎಂಬುದನ್ನು ಹೇಳಿಕೊಡುವವರು ವಿರಳ. ಶಿಕಾರಿಪುರ, ಸೊರಬ ಎಂಬ ಎರಡು ತಾಲ್ಲೂಕುಗಳನ್ನು ಕಣ್ಣ ಮುಂದಿರಿಸಿಕೊಂಡು ಈ ವಿಷಯವನ್ನು ವಿಚಾರಿಸಬೇಕೆಂಬುದು ನನ್ನ ಉದ್ದೇಶ. ಏಕೆಂದರೆ ಈ ಕೊರತೆಯನ್ನು ನೀಗುವ ವಿದ್ಯೆ ಅಲ್ಲಿನ ಮಕ್ಕಳಿಗೆ ಆಗಲೇ ಅರ್ಧ ಬಂದಿದೆಯೆಂದು ನಾನು ದೃಢವಾಗಿ ನಂಬಿದ್ದೇನೆ.

ಕರ್ನಾಟಕದ ಫುಟ್‌ಬಾಲ್ ಚರಿತ್ರೆ ಬೆಂಗಳೂರಿನ ಚರಿತ್ರೆಯೇ ಎಂದರೆ ಅತಿಶಯೋಕ್ತಿಯಾಗಲಾರದು. ದಂಡುಪ್ರದೇಶದ ಸುತ್ತ ಬೆಳೆದ ಆಸ್ಟಿನ್ ಟೌನ್, ಗೌತಮಪುರಗಳ ಓಣಿಗಳಿಂದ ಬಂದ ಆಟಗಾರರ ಬಲದಿಂದ ಮೈಸೂರು ತಂಡವು 1946-47ರಿಂದ 1968-69ರೊಳಗೆ ನಾಲ್ಕು ಸಲ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಅನಂತರ ಅರ್ಧ ಶತಮಾನಕ್ಕೂ ಮಿಕ್ಕ ನಿರೀಕ್ಷೆಯ ಬಳಿಕ, 2023ರ ಮಾರ್ಚಿನಲ್ಲಿ, ದೂರದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಆ ಪ್ರಶಸ್ತಿಯನ್ನು ಪಡೆಯಿತು. ಈ ಚರಿತ್ರೆಯಲ್ಲಿ ಕುಮುದ್ವತಿಯ ಸೀಮೆಯ ಶಿಕಾರಿಪುರಕ್ಕಾಗಲಿ ದಂಡಾವತಿಯ ದಡದ ಸೊರಬಕ್ಕಾಗಲಿ ಸ್ಥಾನವಿಲ್ಲ. ಅಲ್ಲಿ ಮೈದಾನವನ್ನು ಆಳುವುದು ಕಬಡ್ಡಿ, ವಾಲಿಬಾಲ್, ಖೋ ಖೋ ಮತ್ತು ಎಲ್ಲೆಡೆಯಂತೆ ಕ್ರಿಕೆಟ್. ದೀಪಾವಳಿ ಕಳೆದರೆ ಹೋರಿ ಹಬ್ಬದ ಸಂಭ್ರಮ. ಫುಟ್‌ಬಾಲ್ ಇದೆಯೆಂದರೆ ಅದು ಶಾಲಾ ಕ್ರೀಡಾಕೂಟದ ಪಟ್ಟಿಯಲ್ಲಿರುವುದರಿಂದ ಇದೆ. ಆ ಕ್ರೀಡಾಕೂಟಗಳಾದರೋ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ, ಎಂದರೆ ಮಲೆನಾಡಿನ ಮಳೆ ಇನ್ನೂ ಬಿಡದಿರುವಾಗ ನಡೆಯತಕ್ಕವು. ಕೆಸರಿನಲ್ಲಿ ಚೆಂಡು ಹತ್ತು ಮಾರು ಉರುಳಿ ನಿಂತುಬಿಡುತ್ತದೆ; ನೆಲದ ಮೇಲೆ ಕೊಟ್ಟ ಪಾಸ್ ಜೊತೆಯವನನ್ನು ತಲುಪುವುದಿಲ್ಲ; ಆದ್ದರಿಂದ ಬಲವಾಗಿ ಎತ್ತಿ ಒದೆಯಬಲ್ಲ ದೊಡ್ಡ ಹುಡುಗನಿರುವ ತಂಡವೇ ಗೆಲ್ಲುತ್ತದೆ. ಒಂದೇ ದಿನದಲ್ಲಿ ಮುಗಿಯುವ, ಒಮ್ಮೆ ಸೋತವರು ಮನೆಗೆ ಹೋಗಬೇಕಾದ ಆ ಏರ್ಪಾಟಿನಲ್ಲಿ ದೈಹಿಕ ಶಿಕ್ಷಕರು ಆ ಹುಡುಗನನ್ನು ಮುಂದೆ ನಿಲ್ಲಿಸಿದರೆ ಅವರನ್ನು ದೂರಲಾಗದು. ಆದರೆ ಉಳಿದ ಹತ್ತು ಮಕ್ಕಳು ಅಂದು ಕಲಿತದ್ದೇನು?

ದಾಳಿಯೆಂಬುದು ಒಬ್ಬನ ಪರಾಕ್ರಮವಲ್ಲ, ಹಲವರ ಸಂಯೋಗ ಎಂಬುದನ್ನು ಮನಗಾಣಿಸುವುದಕ್ಕೆ 1970ರ ಜೂನ್ 21ರಂದು ಮೆಕ್ಸಿಕೋ ನಗರದಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಬ್ರೆಜಿಲ್ ತಂಡ ಇಟಲಿಯ ಮೇಲೆ ಹೊಡೆದ ನಾಲ್ಕನೆಯ ಗೋಲಿಗಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ. ಬಲಗಡೆಯಿಂದ ನಾಯಕ ಕಾರ್ಲೋಸ್ ಆಲ್ಬರ್ಟೊ ಓಡಿಬಂದು ಚೆಂಡನ್ನು ಬಲೆಗೆ ಹೊಡೆದದ್ದನ್ನೂ, ಅದಕ್ಕೆ ಮುನ್ನ ಪೆಲೆ ತಲೆಯೆತ್ತಿ ನೋಡದವನಂತೆ ಚೆಂಡನ್ನು ಆ ಬರಿದಾದ ಎಡೆಗೆ ಸರಿಸಿದ್ದನ್ನೂ ಲೋಕವೆಲ್ಲ ನೆನೆಯುತ್ತದೆ. ಆದರೆ ಆ ಎಡೆ ಬರಿದಾದದ್ದು ಹೇಗೆ? ಬಲಬದಿಯಲ್ಲಿರಬೇಕಾದ ಜೈರ್ಜಿನೊ ತನ್ನ ಸ್ಥಾನವನ್ನು ಬಿಟ್ಟು ಎಡಬದಿಗೆ ಹೋಗಿದ್ದ; ಅವನನ್ನು ಕಾಯಬೇಕಾದ ಇಟಲಿಯ ಫಾಕೆಟ್ಟಿ ಅವನ ಬೆನ್ನುಹತ್ತಿ ಹೋಗಿದ್ದ. ಫಾಕೆಟ್ಟಿಯ ಸ್ವಂತ ಸ್ಥಾನವಾದ ಆ ಪಾರ್ಶ್ವದಲ್ಲಿ ಆಗ ಕಾಯುವವರು ಯಾರೂ ಇರಲಿಲ್ಲ. ಜೈರ್ಜಿನೊ ಆ ದಾಳಿಯಲ್ಲಿ ಚೆಂಡನ್ನು ಮುಟ್ಟಿದ್ದೂ ಉಂಟು, ಅವನಿಂದಲೇ ಅದು ಪೆಲೆಗೆ ಹೋದದ್ದೂ ಉಂಟು. ಆದರೂ ಅವನು ಮಾಡಿದ ದೊಡ್ಡ ಕೆಲಸವೆಂದರೆ ಚೆಂಡು ಬರುವುದಕ್ಕೆ ಬಹಳ ಮೊದಲೇ ನಡೆದುಹೋದ ಆ ಸ್ಥಾನತ್ಯಾಗ. ಹದಿಮೂರು ವರ್ಷದ ಬಾಲಕನಿಗೆ ಈ ಗೋಲನ್ನು ತೋರಿಸಿದರೆ ಅವನು ಆಲ್ಬರ್ಟೊನ ಹೊಡೆತವನ್ನೇ ನೋಡುತ್ತಾನೆ; ಗುರುವಾದವನು ಎರಡನೆಯ ಸಲ ತೋರಿಸಿ, ಫಾಕೆಟ್ಟಿ ಎಲ್ಲಿದ್ದಾನೆ ಹುಡುಕು ಎನ್ನಬೇಕು.

ಈಗ ಖೋ ಖೋ ಆಟದ ಕಡೆಗೆ ತಿರುಗೋಣ. ಆನವಟ್ಟಿ, ಚಂದ್ರಗುತ್ತಿ, ಉಳವಿ, ಜಡೆಗಳಲ್ಲಾಗಲಿ, ಶಿರಾಳಕೊಪ್ಪ, ತಾಳಗುಂದ, ಉಡುಗಣಿಗಳಲ್ಲಾಗಲಿ ಶಾಲೆಗೆ ಹೋದ ಮಗು ಈ ಆಟವನ್ನು ಆಡದೆ ಬೆಳೆಯುವುದು ಅಪರೂಪ. ಎರಡು ಕಂಬಗಳ ನಡುವಿನ ಗೆರೆಯ ಮೇಲೆ ಎಂಟು ಮಂದಿ, ಒಬ್ಬನ ಮುಖ ಈ ಕಡೆಗಾದರೆ ಪಕ್ಕದವನ ಮುಖ ಆ ಕಡೆಗೆ, ಹೀಗೆ ಕುಳಿತಿರುತ್ತಾರೆ. ಒಂಬತ್ತನೆಯವನು ಎದುರಾಳಿಯನ್ನು ಬೆನ್ನಟ್ಟುತ್ತಾನೆ. ಅವನು ನಡುಗೆರೆಯನ್ನು ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಬಿಟ್ಟು ಹಿಂದಿರುಗುವಂತಿಲ್ಲ. ಎದುರಾಳಿ ಗೆರೆಯ ಆಚೆಗೆ ನುಸುಳಿದೊಡನೆ, ಆಚೆ ಮುಖಮಾಡಿ ಕುಳಿತವನ ಬೆನ್ನು ಮುಟ್ಟಿ ‘ಖೋ’ ಎಂದು, ತಾನು ಅವನ ಸ್ಥಳದಲ್ಲಿ ಕುಳಿತುಕೊಳ್ಳುತ್ತಾನೆ. ಇಲ್ಲಿ ಕೈಯಿಂದ ಕೈಗೆ ಹೋಗುವ ವಸ್ತುವೇ ಇಲ್ಲ. ಹೋಗುವುದು ಓಟದ ಹೊಣೆ. ಜಾಣನಾದ ಆಟಗಾರನು ತಾನೇ ಹಿಡಿಯಬೇಕೆಂಬ ಹಟವನ್ನು ತೊರೆದು, ಮೂರನೆಯ ಖೋ ಎಲ್ಲಿ ಬೀಳಬೇಕೆಂಬುದನ್ನು ಮೊದಲ ಖೋ ಕೊಡುವಾಗಲೇ ಎಣಿಸಿರುತ್ತಾನೆ. ತಾನು ಓಡಿ ಎದುರಾಳಿಯನ್ನು ಒಂದು ದಿಕ್ಕಿಗೆ ಒತ್ತುವುದು, ಹಿಡಿಯುವ ಯಶಸ್ಸನ್ನು ಬೇರೊಬ್ಬನಿಗೆ ಬಿಡುವುದು, ಇದು ಆ ಆಟದ ಜೀವಾಳ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಖೋ ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದಳೆಂಬುದು ಹಳ್ಳಿಯ ಮೈದಾನಗಳಲ್ಲಿ ಈ ವಿದ್ಯೆ ಎಷ್ಟು ಎತ್ತರಕ್ಕೆ ಬೆಳೆಯಬಲ್ಲದೆಂಬುದಕ್ಕೆ ಸಾಕಾದ ಪ್ರಮಾಣ.

ಫುಟ್‌ಬಾಲ್ ಪರಿಭಾಷೆಯಲ್ಲಿ ‘ಥರ್ಡ್ ಮ್ಯಾನ್ ರನ್’ ಎನ್ನುವುದು ಇದರ ಸೋದರವಿದ್ಯೆ. ಮೊದಲನೆಯವನು ಎರಡನೆಯವನಿಗೆ ಪಾಸ್ ಕೊಡುತ್ತಾನೆ. ರಕ್ಷಕರ ಕಣ್ಣು ಆ ಚೆಂಡನ್ನು ಹಿಂಬಾಲಿಸುತ್ತಿರುವಷ್ಟರಲ್ಲಿ ಮೂರನೆಯವನು ಅವರ ಬೆನ್ನ ಹಿಂದಕ್ಕೆ ಓಡತೊಡಗಿರುತ್ತಾನೆ. ಎರಡನೆಯವನು ಚೆಂಡನ್ನು ನಿಲ್ಲಿಸದೆ, ಒಂದೇ ಸ್ಪರ್ಶದಿಂದ, ಆ ಓಟದ ಮುಂದಕ್ಕೆ ಸರಿಸುತ್ತಾನೆ. ಆದರೆ ಒಂದು ವ್ಯತ್ಯಾಸವುಂಟು, ಮತ್ತು ಶಿಕ್ಷಣದ ಕಷ್ಟವೆಲ್ಲ ಅದರಲ್ಲಿಯೇ ಇದೆ. ಖೋ ಖೋ ಆಟದಲ್ಲಿ ಎದ್ದು ಓಡೆಂದು ಸ್ಪರ್ಶವೂ ಧ್ವನಿಯೂ ಹೇಳುತ್ತವೆ. ಫುಟ್‌ಬಾಲ್‌ನಲ್ಲಿ ಕರೆಯುವವರಿಲ್ಲ, ಕರೆದರೆ ರಕ್ಷಕನಿಗೂ ಕೇಳಿಸುತ್ತದೆ. ಓಡಬೇಕಾದ ಕ್ಷಣವನ್ನು ಮಗು ತನ್ನ ಕಣ್ಣಿನಿಂದಲೇ ಕಂಡುಕೊಳ್ಳಬೇಕು.

ಆದಕಾರಣ ಅಭ್ಯಾಸವನ್ನು ಈ ಕ್ಷಣದ ಸುತ್ತ ಕಟ್ಟಬೇಕು. ಇಡೀ ಮೈದಾನ ಬೇಕಾಗಿಲ್ಲ. 30 ಹೆಜ್ಜೆ ಉದ್ದ, 20 ಹೆಜ್ಜೆ ಅಗಲದ ಒಣನೆಲ ಸಾಕು. ಮೂವರು ದಾಳಿಗೆ, ಇಬ್ಬರು ರಕ್ಷಣೆಗೆ. ಮೊದಲ ಕೆಲವು ವಾರ ಒಂದೇ ನಿಯಮ: ಚೆಂಡನ್ನು ಕೊಟ್ಟವನು ಕೊಟ್ಟ ಸ್ಥಳದಲ್ಲಿ ನಿಲ್ಲಕೂಡದು. ಇದರಿಂದ ‘ಒನ್-ಟು’, ಎಂದರೆ ಕೊಟ್ಟು ಓಡಿ ಮರಳಿ ಪಡೆಯುವ ಕ್ರಮ, ಹೇಳದೆಯೇ ಹುಟ್ಟಿಕೊಳ್ಳುತ್ತದೆ. ಬಳಿಕ ಮೂರನೆಯವನ ಓಟಕ್ಕೆ ಬರಬೇಕು. ಇಲ್ಲಿ ಮಕ್ಕಳು ಪ್ರಾಯಶಃ ಮಾಡುವ ತಪ್ಪು ನಿಧಾನವಾಗಿ ಓಡುವುದಲ್ಲ, ಬೇಗನೆ ಓಡುವುದು. ಉತ್ಸಾಹದಿಂದ ಮುಂದೆ ಹೋಗಿ ಅಲ್ಲಿ ನಿಂತು ಚೆಂಡಿಗಾಗಿ ಕೈಯೆತ್ತುತ್ತಾರೆ; ಅಷ್ಟರಲ್ಲಿ ರಕ್ಷಕನು ಬಂದು ಪಕ್ಕದಲ್ಲಿ ನಿಂತಿರುತ್ತಾನೆ, ಅಥವಾ ಆಫ್‌ಸೈಡ್ ಆಗಿರುತ್ತದೆ. ಆಫ್‌ಸೈಡನ್ನು ನಿರ್ಣಯಿಸುವುದು ಚೆಂಡು ಒದೆಯಲ್ಪಟ್ಟ ಕ್ಷಣದಲ್ಲಿಯೇ ಹೊರತು ಅದು ತಲುಪಿದ ಕ್ಷಣದಲ್ಲಲ್ಲ ಎಂಬ ಸರಳ ಸಂಗತಿಯನ್ನು ನೆಲದ ಮೇಲೆ ನಿಲ್ಲಿಸಿ ತೋರಿಸಿದರೆ, ತಡವಾಗಿ ಹೊರಟು ವೇಗವಾಗಿ ಹೋಗುವುದರ ಪ್ರಯೋಜನ ಅವರಿಗೆ ಒಡನೆಯೇ ಹೊಳೆಯುತ್ತದೆ. ಚೆಂಡು ಮೊದಲನೆಯವನ ಕಾಲನ್ನು ಬಿಟ್ಟಾಗ ಹೊರಡು. ಹೊರಡುವ ಮುನ್ನ ಎರಡು ಹೆಜ್ಜೆ ವಿರುದ್ಧ ದಿಕ್ಕಿಗೆ ಇಡು. ಚೆಂಡನ್ನೂ ನಿನ್ನನ್ನೂ ರಕ್ಷಕ ಒಂದೇ ನೋಟದಲ್ಲಿ ಕಾಣಲಾಗದ ಕಡೆಯಲ್ಲಿ ನಿಲ್ಲು. ಈ ಮೂರು ಸೂಚನೆಗಳಿಗಿಂತ ಹೆಚ್ಚು ಮಾತು ಒಂದು ತಿಂಗಳ ಕಾಲ ಬೇಡ.

ಹಾಗೆಂದು, ನೀನು ಇಲ್ಲಿಂದ ಅಲ್ಲಿಗೆ ಓಡು, ಅವನು ಅಲ್ಲಿಂದ ಇಲ್ಲಿಗೆ ಬರಲಿ ಎಂದು ಕವಾಯತಿನಂತೆ ಬಾಯಿಪಾಠ ಮಾಡಿಸುವುದರಿಂದ ಫಲವಿಲ್ಲ. ರಕ್ಷಕರಿಲ್ಲದ ಬಯಲಿನಲ್ಲಿ ಸುಂದರವಾಗಿ ಕಾಣುವ ಆ ಚಲನೆಗಳು ನಿಜವಾದ ಎದುರಾಳಿಯ ಮುಂದೆ ಮೊದಲ ನಿಮಿಷದಲ್ಲಿಯೇ ಕುಸಿಯುತ್ತವೆ. ಗೆರೆಯ ಹೊರಗೆ ನಿಂತು ಪ್ರತಿ ಹೆಜ್ಜೆಯನ್ನೂ ಕೂಗಿ ಹೇಳುವ ಶಿಕ್ಷಕನು ಮಗುವಿನ ಕಣ್ಣನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಆ ಕಣ್ಣು ಇರಬೇಕಾದದ್ದು ಆಟದ ಮೇಲೆ.

ನಿಯಮವನ್ನು ಬದಲಿಸಿ ಬುದ್ಧಿಯನ್ನು ಬೆಳೆಸುವ ಈ ಮಾರ್ಗ ಹೊರದೇಶದಿಂದ ಬಂದದ್ದೇನೂ ಅಲ್ಲ. 1943ರಿಂದ 1963ರಲ್ಲಿ ದಿವಂಗತರಾಗುವವರೆಗೆ ಹೈದರಾಬಾದ್ ಫುಟ್‌ಬಾಲ್ ಸಂಘದ ಕಾರ್ಯದರ್ಶಿಗಳಾಗಿದ್ದ ಸೈಯದ್ ಅಬ್ದುಲ್ ರಹೀಮರು ಶಾಲಾ ಉಪಾಧ್ಯಾಯರಾಗಿದ್ದವರು. ಎದುರಾಳಿಯನ್ನು ವಂಚಿಸಿ ಚೆಂಡನ್ನು ಸಾಗಿಸಿಕೊಂಡು ಹೋಗುವುದನ್ನೇ ನಿಷೇಧಿಸಿದ ಪಂದ್ಯಾವಳಿಗಳನ್ನು ಅವರು ಏರ್ಪಡಿಸಿದರು. ಬಲವಿಲ್ಲದ ಕಾಲಿನಿಂದ ಮಾತ್ರ ಆಡಬೇಕೆಂಬ ಪಂದ್ಯಾವಳಿಗಳನ್ನೂ ನಡೆಸಿದರು. ಡ್ರಿಬಲ್ ಮಾಡುವಂತಿಲ್ಲವೆಂದಾಗ ಚೆಂಡನ್ನು ಪಡೆದವನು ಕೂಡಲೇ ಕೊಡಬೇಕು. ಕೂಡಲೇ ಕೊಡಬೇಕಾದರೆ ಜೊತೆಯವರು ಮೊದಲೇ ಓಡಿರಬೇಕು. ಹೀಗೆ ಒಂದು ನಿಷೇಧ ಇಡೀ ತಂಡವನ್ನು ಚಲಿಸುವಂತೆ ಮಾಡಿತು. ಅದೇ ಗುರುವಿನ ಕೈಕೆಳಗೆ ಭಾರತ 1951ರಲ್ಲಿಯೂ 1962ರಲ್ಲಿಯೂ ಏಷ್ಯನ್ ಕ್ರೀಡೆಗಳ ಸುವರ್ಣಪದಕವನ್ನು ಪಡೆಯಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ ಆ ಹೈದರಾಬಾದ್ ಸಂಸ್ಥಾನದ ಅಂಗಗಳಾಗಿದ್ದವೆಂಬುದನ್ನು ನೆನೆದರೆ, ರಹೀಮರ ವಿದ್ಯೆಯನ್ನು ನಾವು ಪರಕೀಯವೆಂದು ಭಾವಿಸಬೇಕಾಗಿಲ್ಲ.

ಇದರಿಂದ ಸ್ವತಂತ್ರ ಪ್ರತಿಭೆ ಕುಗ್ಗಿಹೋಗುವುದಿಲ್ಲವೇ ಎಂಬ ಆಕ್ಷೇಪ ಬರಬಹುದು, ಮತ್ತು ಅದು ತಳ್ಳಿಹಾಕತಕ್ಕದ್ದಲ್ಲ. ಬೆಂಗಳೂರಿನ ಅಹ್ಮದ್ ಖಾನ್, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕಾಗಿ ಆಡಿದ ಆ ಮಹಾನ್ ಆಟಗಾರ, ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಸಾಗಿಸುವುದಕ್ಕೆ ಹೆಸರಾದವರು. ಆದರೆ ಅವರ ಕೀರ್ತಿ ನೆಲೆಗೊಂಡದ್ದು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ, ಸಾಲೆ, ಅಪ್ಪಾರಾವ್, ವೆಂಕಟೇಶ್, ಧನರಾಜ್ ಎಂಬ ನಾಲ್ವರ ಜೊತೆಯಲ್ಲಿ. ‘ಪಂಚಪಾಂಡವರು’ ಎಂದು ಜನ ಕರೆದ ಆ ಮುಂಪಡೆ 1949ರಿಂದ 1951ರವರೆಗೆ ಮೂರು ವರ್ಷ ಒಂದೇ ಸಮನೆ ಐಎಫ್ಎ ಷೀಲ್ಡನ್ನು ಗೆದ್ದಿತು. ಉಳಿದ ನಾಲ್ವರು ಎದುರಾಳಿಗಳನ್ನು ಸೆಳೆದುಕೊಂಡು ಹೋಗುವುದರಿಂದಲೇ ಐದನೆಯವನ ಕೌಶಲಕ್ಕೆ ಎಡೆ ದೊರೆಯುತ್ತದೆ. ಇನ್ನು ದೇಹಬಲದ ಮಾತು: 1872ರ ನವೆಂಬರಿನಲ್ಲಿ ಗ್ಲಾಸ್ಗೋದಲ್ಲಿ ನಡೆದ ಮೊತ್ತಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲಿ, ತಮಗಿಂತ ತೂಕವುಳ್ಳ ಇಂಗ್ಲೆಂಡಿನವರ ಎದುರಿಗೆ ಸ್ಕಾಟ್ಲೆಂಡಿನವರು ಚೆಂಡನ್ನು ತಮ್ಮೊಳಗೆ ಹಂಚಿಕೊಂಡು ಆಡಿ, ಒಂದು ಗೋಲನ್ನೂ ಬಿಟ್ಟುಕೊಡದೆ ಸಮಮಾಡಿಕೊಂಡರು. ನಮ್ಮ ತೆಳ್ಳನೆಯ ಮಕ್ಕಳಿಗೆ ಒಪ್ಪುವ ಆಟ ಇದೇ.

ಮಾಡಬೇಕಾದದ್ದು ದೊಡ್ಡ ಕ್ರೀಡಾಂಗಣವಲ್ಲ. ಮಳೆ ಹಿಂದೆಗೆದು ನೆಲ ಗಟ್ಟಿಯಾಗುವ ನವೆಂಬರಿನಿಂದ ಫೆಬ್ರವರಿಯವರೆಗೆ, ಎರಡು ತಾಲ್ಲೂಕುಗಳ ಕೆಲವು ಪ್ರೌಢಶಾಲೆಗಳು ಸೇರಿ, ಎರಡಕ್ಕೂ ಬಸ್ಸಿನ ಅನುಕೂಲವಿರುವ ಶಿರಾಳಕೊಪ್ಪದಂಥ ಸ್ಥಳದಲ್ಲಿ ಶನಿವಾರದ ಬೆಳಗಿನ ತರಗತಿಗಳು ಮುಗಿದ ಬಳಿಕ ಆಡಬಹುದು. ಉಳಿದ ದಿನಗಳ ಸಂಜೆಯ ಅಭ್ಯಾಸವನ್ನು ನೆಚ್ಚುವಂತಿಲ್ಲ; ಊರಿನ ಬಸ್ಸು ತಪ್ಪಿದರೆ ಮಗು ಮನೆ ಸೇರುವುದು ಹೇಗೆ? ಒಂದು ಕಡೆಗೆ ಏಳೇ ಮಂದಿ, ಚಿಕ್ಕ ಅಂಗಣ, ಸೋತವರೂ ಮರುವಾರ ಆಡತಕ್ಕ ಲೀಗ್ ಪದ್ಧತಿ, ಪ್ರತಿ ಪಂದ್ಯದ ಒಂದು ಭಾಗ ರಹೀಮರ ನಿಯಮದಂತೆ ಡ್ರಿಬಲ್ ಇಲ್ಲದೆ. ಬಾಲಕಿಯರಿಗೆ ಪ್ರತ್ಯೇಕ ಲೀಗ್ ಮೊದಲ ವರ್ಷದಿಂದಲೇ ಇರಬೇಕು. ಖೋ ಖೋ ತಂಡವಿರುವ ಶಾಲೆಯಲ್ಲಿ ಅದಕ್ಕೆ ಬೇಕಾದ ಓಟಗಾರ್ತಿಯರು ಸಿದ್ಧರಾಗಿಯೇ ಇದ್ದಾರೆ. ಗೋಲಿನ ಪುಸ್ತಕದಲ್ಲಿ ಹೊಡೆದವನ ಹೆಸರು, ಕೊಟ್ಟವನ ಹೆಸರು ಇವುಗಳ ಮುಂದೆ ಮೂರನೆಯದೊಂದು ಅಂಕಣವಿರಲಿ: ಚೆಂಡನ್ನು ಮುಟ್ಟದೆ ಓಡಿ ರಕ್ಷಕನನ್ನು ಕರೆದೊಯ್ದವನ ಹೆಸರು. ಅದನ್ನು ತುಂಬುವ ಕೆಲಸ ಶಿಕ್ಷಕರದಾಗದೆ, ಆ ಹೊತ್ತಿನಲ್ಲಿ ಹೊರಗೆ ಕುಳಿತು ತಮ್ಮ ಸರದಿಗಾಗಿ ಕಾಯುತ್ತಿರುವ ಮಕ್ಕಳದಾಗಲಿ.