ಚತುರ್ಥಿಯಿಂದ ಪ್ರಥಮೆಗೆ

ಫ್ರೆಂಚ್ ಕಲಿಯುವವರು ಔಪಚಾರಿಕ ಬರವಣಿಗೆಯಲ್ಲಿ ಕಷ್ಟವನ್ನು ನಿರೂಪಿಸಲು ‘ಫೇರ್ ಫಾಸ್’ ಎಂಬ ನುಡಿಗಟ್ಟನ್ನು ಅಭ್ಯಾಸ ಮಾಡುತ್ತಾರೆ. ‘ಫಾಸ್’ ಎಂದರೆ ಮುಖ. ಕಷ್ಟಕ್ಕೆ ಮುಖಕೊಟ್ಟು ನಿಲ್ಲುವುದು ಎಂಬುದು ಅದರ ಭಾವ. ನಮ್ಮ ‘ಎದುರಿಸು’ ಎಂಬ ಕ್ರಿಯಾಪದದೊಳಗೂ ‘ಎದುರು’ ಹಾಗೆಯೇ ನಿಂತಿದೆ.

ಇಂತಹ ಅಭ್ಯಾಸವು ಗಡಿನಾಡಿನ ಕನ್ನಡಿಗರಿಗೂ ಅಗತ್ಯ. ಬೀದರ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡಗಳೂ ಕಲಬುರಗಿ ಜಿಲ್ಲೆಯಲ್ಲಿದ್ದ ತಾಂಡೂರೂ 1956ರಲ್ಲಿ ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನೀಡಿದೆ. ಆದರೆ ಹಕ್ಕಿದ್ದರೆ ಸಾಲದು, ನುಡಿಯೂ ಒದಗಬೇಕು.

‘ನಮಗೆ ತೊಂದರೆಯಾಗಿದೆ’ ಎಂಬಲ್ಲಿ ನಾವು ಚತುರ್ಥಿಯಲ್ಲಿದ್ದೇವೆ, ತೊಂದರೆಯೇ ಕರ್ತೃ. ‘ನಾವು ತೊಂದರೆಯನ್ನು ಎದುರಿಸುತ್ತಿದ್ದೇವೆ’ ಎಂದೊಡನೆ ನಾವು ಪ್ರಥಮೆಗೆ ಬರುತ್ತೇವೆ, ಕರ್ತೃಗಳಾಗುತ್ತೇವೆ. ಮೊದಲನೆಯದು ನೋವನ್ನು ತಿಳಿಸುತ್ತದೆ, ಎರಡನೆಯದು ನಿಲುವನ್ನು. ಮನವಿಗೆ ಎರಡೂ ಬೇಕು.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ವಿಭಕ್ತಿಗಳನ್ನು ಪರೀಕ್ಷೆಗಾಗಿಯಷ್ಟೇ ಓದದೆ, ಗಡಿಯೂರಿನವರ ಮನವಿಯೊಂದನ್ನು ತಿದ್ದಿಕೊಡಬಲ್ಲಷ್ಟು ಅರಗಿಸಿಕೊಳ್ಳಬೇಕು. ವ್ಯಾಕರಣವು ಊರಿಗೆ ಉಪಕಾರಿಯಾಗುವುದು ಆಗಲೇ.