ಕನ್ನಡ ಗ್ರಂಥಗಳು ನಮ್ಮ ಶಾಲೆಯಲ್ಲೇ ಇರಲಿ

ಆಂಧ್ರದ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ಅಚ್ಯುತರಾಯನ ಕಾಲದ ಕನ್ನಡ ಶಾಸನಗಳಿವೆ. ಕಚೇರಿಯ ಭಾಷೆ ಇಂದು ತೆಲುಗಾದರೂ ಕಲ್ಲಿನ ಕನ್ನಡ ಅಳಿದಿಲ್ಲ. ಶಾಸನ ಸಂಪುಟಗಳೂ ಹಳೆಯ ಗ್ರಂಥಗಳೂ ಈಗ ಅಂತರಜಾಲದಲ್ಲಿ ದೊರೆಯುತ್ತವೆ, ನಿಜ. ಆದರೆ 2024ರ ಅಕ್ಟೋಬರಿನಲ್ಲಿ ಇಂಟರ್‌ನೆಟ್ ಆರ್ಕೈವ್ ದಾಳಿಗೊಳಗಾಗಿ ಕೆಲವು ದಿನ ಮುಚ್ಚಿತ್ತು. ಅಂಥದನ್ನೇ ನೆಚ್ಚಿ ಕೂರುವುದು ಜಾಣತನವಲ್ಲ.

ನಮ್ಮ ಶಾಲೆಗಳ ಲಿನಕ್ಸ್ ಗಣಕಯಂತ್ರಗಳಲ್ಲಿ ‘ಡಬ್ಲ್ಯುಗೆಟ್’ ಎಂಬ ಉಚಿತ ತಂತ್ರಾಂಶವಿದೆ. ಬೇಕಾದ ಕಡತಕೋಶಗಳ ವಿಳಾಸಗಳನ್ನು ಸಾಲಿಗೊಂದರಂತೆ ಬರೆದಿಟ್ಟು ಒಂದೇ ಆಜ್ಞೆ ಕೊಟ್ಟರೆ ಸಾಕು, ಎಲ್ಲವನ್ನೂ ಸರದಿಯಂತೆ ಇಳಿಸುತ್ತದೆ. ಮೇಲಿನ ಕೋಶಗಳಿಗೆ ಹೋಗದಂತೆ ತಡೆಯಬೇಕು. ನಡುನಡುವೆ ಬಿಡುವನ್ನೂ ಕೊಡಬೇಕು, ಅನ್ಯರ ಸರ್ವರಿಗೆ ಹೊರೆಯಾಗಬಾರದಲ್ಲ! ಕರೆಂಟು ಹೋದರೆ ನಿಂತಲ್ಲಿಂದ ಮುಂದುವರಿಸಬಹುದು.

ಹಕ್ಕುಸ್ವಾಮ್ಯ ಮುಗಿದ ಕನ್ನಡ ಗ್ರಂಥಗಳನ್ನು ಪ್ರತಿ ಶಾಲೆಯೂ ಈ ರಜೆಯಲ್ಲೇ ಇಳಿಸಿಡಲಿ. ಹಾರ್ಡ್ ಡಿಸ್ಕಿನ ಖರ್ಚನ್ನು ರಕ್ಷಕ-ಶಿಕ್ಷಕ ಸಂಘಗಳು ವಹಿಸಬೇಕು.