ಎದ್ದು ನಿಲ್ಲುವ ಮುನ್ನ

ಕಳೆದ ತಿಂಗಳು ನೆಂಟರ ಮನೆಯಲ್ಲಿ ಗೃಹಪ್ರವೇಶ. ಪಂಕ್ತಿಯಲ್ಲಿ ಕೆಳಗೆ ಕುಳಿತು ಹೋಳಿಗೆ ಊಟ ಮುಗಿಸಿ, ಕೈ ತೊಳೆಯಲು ತಟ್ಟನೆ ಎದ್ದೆ. ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದುಕೊಂಡೆ. ಪಕ್ಕದಲ್ಲಿದ್ದ ಮೊಮ್ಮಗ ತೋಳು ಹಿಡಿದ.

"ತಾತ, ಏನಾಯ್ತು?"

"ಏನೂ ಇಲ್ಲ ಕಣೋ. ಅಜ್ಜಿಗೆ ಹೇಳಬೇಡ."

ನಿಜ ಹೇಳಬೇಕೆಂದರೆ ಅದು ಮೊದಲ ಸಲವಲ್ಲ. ರಾತ್ರಿ ಬಚ್ಚಲಿಗೆ ಹೋಗಲು ಎದ್ದಾಗಲೂ ಎರಡು ಮೂರು ಸಲ ಹಾಗಾಗಿತ್ತು. ಹೇಳಿದರೆ ಒಬ್ಬನೇ ಪೇಟೆಗೆ ಹೋಗಲು ಬಿಡುವುದಿಲ್ಲವೆಂದು ಸುಮ್ಮನಿದ್ದೆ. ಮೊಮ್ಮಗ ಮನೆಗೆ ಬಂದವನೇ ಅಜ್ಜಿಗೆ ಹೇಳಿಬಿಟ್ಟ. ನನಗೆ ಸಿಟ್ಟೇ ಬಂತು. ಮರುದಿನ ಅವನನ್ನೂ ಕರೆದುಕೊಂಡು ಡಾಕ್ಟರ ಬಳಿ ಹೋದೆವು. ಅಲ್ಲಿ ಕೇಳಿ ತಿಳಿದದ್ದನ್ನು ಈ ವಾರ ನಿಮಗೂ ಹೇಳುತ್ತೇನೆ.

ನಾವು ಎದ್ದು ನಿಂತ ಕೂಡಲೇ ಭೂಮಿಯ ಸೆಳೆತಕ್ಕೆ ಸಿಕ್ಕಿ ಸುಮಾರು ಅರ್ಧ ಲೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಒತ್ತಡ ಕುಸಿಯುತ್ತದೆ. ಹಾಗೇ ಬಿಟ್ಟರೆ ತಲೆಗೆ ಸಾಕಷ್ಟು ರಕ್ತ ಹೋಗದೆ ನಾವೆಲ್ಲ ದಿನವೂ ಬೀಳಬೇಕಿತ್ತು. ಬೀಳುವುದಿಲ್ಲ, ಏಕೆ?

ತಲೆಗೆ ರಕ್ತ ಒಯ್ಯುವ ದೊಡ್ಡ ನಾಳ ಕುತ್ತಿಗೆಯಲ್ಲಿ ಕವಲೊಡೆಯುವ ಕಡೆ, ಹಾಗೂ ಹೃದಯದಿಂದ ಹೊರಟ ಮಹಾಧಮನಿ ಬಾಗುವ ಕಡೆ, ನಾಳದ ಗೋಡೆಯಲ್ಲೇ ನರಗಳ ತುದಿಗಳಿವೆ. ಒತ್ತಡ ಹೆಚ್ಚಿ ಗೋಡೆ ಹಿಗ್ಗಿದರೆ ಅವು ಮೆದುಳಿಗೆ ಬೇಗ ಬೇಗ ಸುದ್ದಿ ಕಳಿಸುತ್ತವೆ. ಒತ್ತಡ ಇಳಿದರೆ ಸುದ್ದಿ ಕಡಿಮೆಯಾಗುತ್ತದೆ. ಈ ಸುದ್ದಿ ತಲುಪುವುದು ಮೆದುಳಿನ ಬುಡದಲ್ಲಿರುವ ಮೆಡುಲ್ಲಾ ಎಂಬ ಭಾಗಕ್ಕೆ. ಅದು ಕೂಡಲೇ ಎರಡು ಅಪ್ಪಣೆ ಕೊಡುತ್ತದೆ: ಹೃದಯ ಬೇಗ ಬಡಿಯಲಿ, ರಕ್ತನಾಳಗಳು ಬಿಗಿಯಾಗಲಿ. ಕೆಲವೇ ಸೆಕೆಂಡುಗಳಲ್ಲಿ ಒತ್ತಡ ಸರಿಹೋಗುತ್ತದೆ. ಬ್ಯಾಂಕಿನಲ್ಲಿ ನಾವು ಸಂಜೆಗೊಮ್ಮೆ ಲೆಕ್ಕ ತಾಳೆ ನೋಡುತ್ತಿದ್ದೆವು. ಮೆಡುಲ್ಲಾ ಹೃದಯದ ಬಡಿತ ಬಡಿತಕ್ಕೂ ನೋಡುತ್ತದೆ, ನಾವು ನಿದ್ರೆಯಲ್ಲಿದ್ದಾಗಲೂ!

ಮಕ್ಕಳೇ, ಇದನ್ನು ನೀವೇ ಪರೀಕ್ಷಿಸಬಹುದು. 5 ನಿಮಿಷ ಮಲಗಿ, ಮಣಿಕಟ್ಟಿನ ನಾಡಿಯನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಎದ್ದು ನಿಂತು ಮತ್ತೆ ಎಣಿಸಿ. ನನ್ನ ಮೊಮ್ಮಗನದು 78ರಿಂದ 94ಕ್ಕೆ ಏರಿತು. ನನ್ನದು 70ರಿಂದ 74 ಅಷ್ಟೇ. ಕುತ್ತಿಗೆಯನ್ನು ಮಾತ್ರ ಒತ್ತಬೇಡಿ. ಒತ್ತಿದರೆ ಒತ್ತಡ ಹೆಚ್ಚಾಗಿದೆಯೆಂದು ಮೆದುಳು ಮೋಸಹೋಗಿ ಹೃದಯದ ಬಡಿತವನ್ನು ತಗ್ಗಿಸಬಹುದು.

ವಯಸ್ಸಾದಂತೆ ನಾಳಗಳ ಗೋಡೆ ಗಡುಸಾಗುತ್ತದೆ, ಈ ಏರ್ಪಾಡು ನಿಧಾನವಾಗುತ್ತದೆ. ನೀರು ಕಡಿಮೆ ಕುಡಿದರೆ, ಕೆಲವು ಮಾತ್ರೆಗಳಿಂದ, ಹೊಟ್ಟೆ ತುಂಬ ಉಂಡಾಗಲೂ ಒತ್ತಡ ಇಳಿಯಬಹುದು. ಡಾಕ್ಟರು ಮಲಗಿಸಿ ನೋಡಿದಾಗ ನನ್ನ ಮೇಲಿನ ಬಿಪಿ 144, ನಿಲ್ಲಿಸಿ ನೋಡಿದಾಗ 120. ನಿಂತ 3 ನಿಮಿಷದೊಳಗೆ 20 ಅಥವಾ ಹೆಚ್ಚು ಇಳಿದರೆ ಅದನ್ನು ಗಮನಿಸಲೇಬೇಕಂತೆ. ನನ್ನ ಬಿಪಿ ಮಾತ್ರೆಯ ಪ್ರಮಾಣವನ್ನು ಅವರು ಬದಲಿಸಿದರು. ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು ಎಂದೂ ಎಚ್ಚರಿಸಿದರು.

ಅಜ್ಜ ಅಜ್ಜಿಯರೇ, ಹಾಸಿಗೆಯಿಂದ ಒಮ್ಮೆಲೇ ಏಳಬೇಡಿ. ಮೊದಲು ಎದ್ದು ಕುಳಿತು ಕಾಲು ಇಳಿಬಿಡಿ, ಪಾದ ಆಡಿಸಿ, ಒಂದೆರಡು ನಿಮಿಷ ಬಿಟ್ಟು ಏನಾದರೂ ಹಿಡಿದು ನಿಲ್ಲಿ. ತಲೆ ಸುತ್ತಿದರೆ ಅಲ್ಲೇ ಕುಳಿತುಬಿಡಿ. ಈ ವಯಸ್ಸಿನಲ್ಲಿ ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಒಬ್ಬರೇ ಓಡಾಡುವುದು ನಿಜಕ್ಕೂ ನಿಂತುಹೋಗುತ್ತದೆ. ಮುಚ್ಚಿಟ್ಟು ನಾನು ಕಳೆದುಕೊಳ್ಳಲಿದ್ದದ್ದು ಅದನ್ನೇ.

ಮಕ್ಕಳೇ, ತಾತ "ಹೇಳಬೇಡ" ಎಂದರೆ ಈ ವಿಷಯದಲ್ಲಿ ಮಾತ್ರ ಅವರ ಮಾತು ಕೇಳಬೇಡಿ.

ಈಗ ನಾನು ಪೇಟೆಗೆ ಒಬ್ಬನೇ ಹೋಗುತ್ತೇನೆ. ಆದರೆ ಊಟ ಮುಗಿಸಿ ಏಳುವಾಗ ಮಾತ್ರ ಎದುರಿನಿಂದ ಪ್ರಶ್ನೆ ಬರುತ್ತದೆ: "ತಾತ, ನಿಮ್ಮ ಮೆಡುಲ್ಲಾಗೆ ಹೇಳಿದ್ರಾ?"